103 ಮೆಟ್ಟಿಲು, ಎರಡು ರೊಟ್ಟಿ

ಎರಡು ವರ್ಷದ ಹಿಂದೆ ಆಫೀಸಿನ ವಾರ್ಷಿಕ ತಪಾಸಣೆಯಲ್ಲಿ ನನ್ನ ಎಚ್‌ಬಿಎ1ಸಿ 6.1 ಬಂತು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಪರೀಕ್ಷೆ ಇದು. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಕಾಯಿಲೆ. ನಮ್ಮ ಅವ್ವನಿಗೆ ಸಕ್ಕರೆ ಇತ್ತು. ಕಾಲಿನ ಗಾಯ ಒಣಗದೆ ಅವಳು ಪಟ್ಟ ಪಾಡು ಕಣ್ಣಾರೆ ಕಂಡವಳು ನಾನು. ಆ ಕಾಗದ ಮಡಚಿ ಬ್ಯಾಗಿನಲ್ಲಿಟ್ಟು ಮರೆಯಲು ಆಗಲಿಲ್ಲ.

ನಾನು ವಿಜಯಪುರದ ಕಡೆಯವಳು. ಮದುವೆಯಾಗಿ ಪುಣೆಗೆ ಬಂದು 21 ವರ್ಷ. ಸಹಕಾರನಗರದಲ್ಲಿ ಮನೆ, ಲೆಕ್ಕಪತ್ರದ ಕೆಲಸ, ದಿನಕ್ಕೆ ಎಂಟು ತಾಸು ಕುರ್ಚಿ. ಆಗ ನನಗೆ 46, ತೂಕ 68 ಕೆಜಿ, ಹೊಟ್ಟೆಯ ಸುತ್ತಳತೆ 92 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ 80, ಗಂಡಸರಿಗೆ 90 ದಾಟಬಾರದು ಅಂತ ವೈದ್ಯರು ಹೇಳುತ್ತಾರೆ. ತೂಕಕ್ಕಿಂತ ಈ ಅಳತೆಯೇ ನನ್ನನ್ನು ಜಾಸ್ತಿ ಹೆದರಿಸಿತು.

ಎಲ್ಲರೂ ಮಾಡುವುದನ್ನೇ ಮೊದಲು ಮಾಡಿದೆ. ಜಿಮ್‌ಗೆ ಒಂದು ವರ್ಷದ ಫೀ ಕಟ್ಟಿದೆ. ಅಲ್ಲಿ ಒಂದು ಊಟದ ಪಟ್ಟಿ ಕೊಟ್ಟರು. ಓಟ್ಸ್, ಬ್ರಾಕೊಲಿ, ಕಿನೋವಾ, ಡಬ್ಬದ ಪೌಡರ್. ಮನೆಯವರಿಗೆ ಒಂದು ಅಡುಗೆ, ನನಗೊಂದು ಅಡುಗೆ. ಸಂಜೆ ಟ್ರಾಫಿಕ್ ದಾಟಿ ಹೋಗಿ ಬರುವುದರೊಳಗೆ ಒಂಬತ್ತು. 19 ದಿನ ಹೋದೆ, ಆಮೇಲೆ ಬಿಟ್ಟೆ. ಜಿಮ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನನ್ನ ದಿನದಲ್ಲಿ ಅದಕ್ಕೆ ಜಾಗ ಇರಲಿಲ್ಲ, ಅಷ್ಟೇ.

ಒಂದು ಬೆಳಿಗ್ಗೆ ಪಕ್ಕದ ಮನೆಯ ಕಾಕೂ ಕರೆದರು, ಪರ್ವತಿ ಗುಡ್ಡಕ್ಕೆ ಹೋಗೋಣ ಬಾ ಅಂತ. ಅವರಿಗೆ 70 ದಾಟಿದೆ. ಪುಣೆಯವರಿಗೆ ಬೆಳಿಗ್ಗೆ ಗುಡ್ಡ ಹತ್ತುವುದು ಹಲ್ಲುಜ್ಜಿದಷ್ಟೇ ಸಹಜ. ಕೆಲವರಿಗೆ ವೇತಾಳ ಟೇಕಡಿ, ಕೆಲವರಿಗೆ ತಳಜಾಯಿ. ನಮಗೆ ಪರ್ವತಿ. ಮನೆಯಿಂದ ಗುಡ್ಡದ ಬುಡದವರೆಗೆ ನಡೆದರೆ 15 ನಿಮಿಷ, ಆಮೇಲೆ 103 ಮೆಟ್ಟಿಲು. ಮೇಲೆ ನಾನಾಸಾಹೇಬ ಪೇಶ್ವೆ 1749ರಲ್ಲಿ ಕಟ್ಟಿಸಿದ ದೇವದೇವೇಶ್ವರನ ಗುಡಿ. ಮೆಟ್ಟಿಲು ಅಗಲ, ಒಂದೊಂದರ ಮೇಲೂ ಎರಡು ಹೆಜ್ಜೆ ಇಡಬಹುದು. ಅಷ್ಟು ವರ್ಷ ಈ ಗುಡ್ಡದ ಬುಡದಲ್ಲೇ ಇದ್ದು ನಾನು ಹತ್ತಿದ್ದು ಶ್ರಾವಣದ ಸೋಮವಾರ ಮಾತ್ರ. ಅವತ್ತು ಅರವತ್ತನೇ ಮೆಟ್ಟಿಲಿನ ಹತ್ತಿರ ಉಸಿರು ಕಟ್ಟಿ ಕೂತೆ. ಕಾಕೂ ಮೇಲೆ ಹೋಗಿ ಕೈಮುಗಿದು ಇಳಿದೇ ಬಂದರು.

ಅವಮಾನ ಅನಿಸಿತು, ಹುರುಪೂ ಬಂತು. ಮರುದಿನದಿಂದ ದಿನಾ ಎರಡು ಸಲ, ಅದೂ ಓಡಿದ ಹಾಗೆ ಹತ್ತಿ ಇಳಿದೆ. ಐದನೇ ದಿನ ಎಡ ಮೊಣಕಾಲು ಹಿಡಿದುಕೊಂಡಿತು. ಮೂರು ವಾರ ಮೆಟ್ಟಿಲು ಇಳಿಯುವುದಿರಲಿ, ಮಂಚದಿಂದ ಏಳುವುದೂ ಕಷ್ಟ ಆಯಿತು.

ಆ ನೋವಿನಿಂದ ಒಂದು ಒಳ್ಳೆಯದು ಆಯಿತು. ಫಿಸಿಯೊಥೆರಪಿಸ್ಟ್ ಒಬ್ಬರು ಕಾಲು ನೋಡಿ ಹೇಳಿದರು: ಮೊಣಕಾಲಿಗೆ ಏನೂ ಆಗಿಲ್ಲ, ತೊಡೆಯಲ್ಲಿ ಬಲ ಇಲ್ಲ. ಹತ್ತುವಾಗ ಉಸಿರಿಗೆ ಕೆಲಸ, ಇಳಿಯುವಾಗ ತೊಡೆಗೆ ಕೆಲಸ. ಇಳಿಯುವಾಗ ಇಡೀ ಮೈ ಭಾರವನ್ನು ತೊಡೆಯ ಮುಂದಿನ ಸ್ನಾಯು ತಡೆದು ಹಿಡಿಯಬೇಕು. ಅದು ಸೋತರೆ ಪೆಟ್ಟು ಮೊಣಕಾಲಿಗೆ. ಅವರು ಕಲಿಸಿದ್ದು ಒಂದೇ ವ್ಯಾಯಾಮ, ಬೇಕಾದದ್ದು ಒಂದು ಕುರ್ಚಿ. ಕೈ ಎದೆಯ ಮೇಲೆ ಕಟ್ಟಿಕೊಂಡು ಎದ್ದು ನಿಲ್ಲಬೇಕು. ಕೂರುವಾಗ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸುತ್ತಾ ನಿಧಾನ ಕೂರಬೇಕು, ದೊಪ್ಪನೆ ಬೀಳಬಾರದು. ಹತ್ತು ಸಲ ಮಾಡಿ ಒಂದು ನಿಮಿಷ ಸುಮ್ನೆ ನಿಂತು, ಮತ್ತೆ ಹತ್ತು. ಮೊದಲ ದಿನ ಏಳನೇ ಸಲಕ್ಕೆ ತೊಡೆ ನಡುಗಿತು. ಒಂದೂವರೆ ತಿಂಗಳಿಗೆ ಹದಿನೈದು ಹದಿನೈದು ಮಾಡುವಷ್ಟಾದೆ. ಜೊತೆಗೆ ಅಡುಗೆ ಕಟ್ಟೆಗೆ ಕೈಯೂರಿ ದಂಡ ಹೊಡೆಯುವುದು ಶುರು ಮಾಡಿದೆ. ನೆಲದ ಮೇಲೆ ನನ್ನಿಂದ ಆಗುವುದಿಲ್ಲ, ಕಟ್ಟೆಯ ಮೇಲೆ ಆಗುತ್ತದೆ. ಚಹಾ ಕುದಿಯುವಷ್ಟರಲ್ಲಿ ಎಂಟು.

ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಷ್ಟು ಓಡಾಟ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೆಕ್ಕ ಹಾಕಿ ನೋಡಿ. ಪರ್ವತಿಗೆ ಹೋಗಿ ಬರಲು ನನಗೆ 45 ನಿಮಿಷ, ವಾರಕ್ಕೆ ನಾಲ್ಕು ದಿನ. ಅಲ್ಲಿಗೇ 180 ಆಯಿತು. ಕುರ್ಚಿ ಮತ್ತು ಕಟ್ಟೆ ವಾರಕ್ಕೆ ಮೂರು ದಿನ. ಅದಕ್ಕಿಂತ ಜಾಸ್ತಿ ನಾನು ಮಾಡುವುದಿಲ್ಲ.

ಈಗ ಊಟದ ಮಾತು. ಇದೇ ನನಗೆ ಹೆಚ್ಚು ಹತ್ತಿರ.

ತವರಿನಲ್ಲಿ ನಾವು ಮೂರು ಹೊತ್ತೂ ಜೋಳದ ರೊಟ್ಟಿ ಉಂಡು ಬೆಳೆದವರು. ಪುಣೆಗೆ ಬಂದ ಮೇಲೆ ಗಡಿಬಿಡಿಯಲ್ಲಿ ಚಪಾತಿ ಆಯಿತು. ರಾತ್ರಿ ಅನ್ನ. ಸಂಜೆ ವಡಾಪಾವ್, ಭಾನುವಾರ ಮಿಸಳ್. ಬೇಕಾದ ಜೋಳ ಇಲ್ಲೇ ಸಿಗುತ್ತಿತ್ತು, ಅದೂ ಸೋಲಾಪುರ ಕಡೆಯ ಮಾಲದಂಡಿ ಜೋಳ. ಎದುರಿಗೇ ಇದ್ದದ್ದನ್ನು ಬಿಟ್ಟು ನಾನು ಕಿನೋವಾ ಹುಡುಕುತ್ತಿದ್ದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ನಾರು ಜಾಸ್ತಿ ಇದ್ದರೆ ಊಟ ನಿಧಾನ ಕರಗುತ್ತದೆ, ಸಕ್ಕರೆ ಒಮ್ಮೆಲೇ ಏರುವುದಿಲ್ಲ, ಹೊಟ್ಟೆಯೂ ಬೇಗ ತುಂಬುತ್ತದೆ.

ಕೈಗೆ ಮಾತ್ರ ರೂಢಿ ತಪ್ಪಿತ್ತು. ಮೊದಲ ವಾರ ರೊಟ್ಟಿ ಅಂಚು ಒಡೆದು ಚೂರಾದವು. ಫೋನಿನಲ್ಲಿ ಅತ್ತಿಗೆ ಕೇಳಿದಳು, ಹಿಟ್ಟು ಯಾವಾಗಿನದು ಅಂತ. ತಿಂಗಳ ಹಿಂದಿನದು. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ. ಗೋಧಿಯ ಹಾಗೆ ಜೋಳದಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ಎಳೆದು ಹಿಡಿಯುವ ಶಕ್ತಿ ಬಿಸಿನೀರಿನಿಂದಲೇ ಬರಬೇಕು. ಈಗ ಎರಡು ಕೆಜಿ ಜೋಳ ಮಾತ್ರ ಗಿರಣಿಗೆ ಒಯ್ಯುತ್ತೇನೆ, ಹತ್ತು ದಿನಕ್ಕೊಮ್ಮೆ. ಹಿಟ್ಟಿನ ನಡುವೆ ಗುಣಿ ಮಾಡಿ ಕುದಿಯುವ ಎಸರು ಹಾಕಿ, ಸೌಟಿನ ಹಿಡಿಯಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ಚೆನ್ನಾಗಿ ನಾದುತ್ತೇನೆ. ಬಡಿಯುವಾಗ ಉಂಡೆ ತಾನಾಗಿ ಸುತ್ತುತ್ತಿರಬೇಕು. ಸುತ್ತದೆ ನಿಂತರೆ ಕೆಳಗೆ ಒಣ ಹಿಟ್ಟು ಸಾಲದು. ಹಂಚಿಗೆ ಹಾಕಿ ಮೇಲೆ ನೀರು ಸವರಿ, ನೀರು ಪೂರ್ತಿ ಆರುವ ಮೊದಲೇ ತಿರುವಿಹಾಕಬೇಕು. ಆಮೇಲೆ ಬೆಂಕಿಗೆ ಹಿಡಿದರೆ ಉಬ್ಬುತ್ತದೆ. ನಾಲ್ಕು ಜನಕ್ಕೆ ಎಂಟು ರೊಟ್ಟಿ, 25 ನಿಮಿಷ. ತೋಳಿಗೆ ಒಳ್ಳೆಯ ಕೆಲಸ, ಅಲ್ವಾ?

ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ. ಮೆಂತ್ಯ, ಪುಂಡಿಪಲ್ಯ, ಹೀರೇಕಾಯಿ, ಸೌತೆಕಾಯಿ, ಹಸಿ ಉಳ್ಳಾಗಡ್ಡಿ, ಏನಿದೆಯೋ ಅದು. ರೊಟ್ಟಿ ಎರಡು. ಉಳಿದ ಜಾಗದಲ್ಲಿ ಕಾಳು. ಲೆಕ್ಕದವಳಾದ್ದರಿಂದ ಒಂದು ವಾರ ನೋಟ್‌ಬುಕ್‌ನಲ್ಲಿ ಪ್ರೋಟೀನ್ ಬರೆದಿಟ್ಟೆ. ಕೆಜಿ ತೂಕಕ್ಕೆ 0.83 ಗ್ರಾಂ ಬೇಕು ಅನ್ನುತ್ತದೆ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ. 68 ಕೆಜಿಗೆ ಅದು ಸುಮಾರು 56 ಗ್ರಾಂ. ನಾನು ತಿನ್ನುತ್ತಿದ್ದದ್ದು 35ರ ಹತ್ತಿರ. ತೆಳ್ಳನೆಯ ಸಾರಿನಲ್ಲಿ ಬೇಳೆ ಎಷ್ಟಿರುತ್ತದೆ ಹೇಳಿ? ಹಾಗಾಗಿ ಮಧ್ಯಾಹ್ನ ಮೊಳಕೆ ಬರಿಸಿದ ಮಡಿಕೆ ಕಾಳು, ರಾತ್ರಿ ಗಟ್ಟಿ ಬೇಳೆ ಅಥವಾ ಕಡಲೆ ಹಿಟ್ಟಿನ ಝುಣಕ, ಎರಡು ಹೊತ್ತು ಮೊಸರು, ಒಂದು ಹಿಡಿ ಶೇಂಗಾ, ವಾರದಲ್ಲಿ ಮೂರು ದಿನ ಪನೀರ್. ಪೌಡರ್ ಡಬ್ಬ ಬೇಕಾಗಲಿಲ್ಲ. ಸೋಮವಾರದ ಉಪವಾಸಕ್ಕೆ ಸಾಬೂದಾಣಾ (ಸಬ್ಬಕ್ಕಿ) ಖಿಚಡಿ ನಿಲ್ಲಿಸಿದೆ. ಸಾಬೂದಾಣಾ ಅಂದರೆ ಹೆಚ್ಚುಕಡಿಮೆ ಬರೀ ಪಿಷ್ಟ. ಈಗ ಹಣ್ಣು, ಮೊಸರು, ಶೇಂಗಾ.

ಚಹಾ ಬಿಡುವುದು ನನ್ನಿಂದ ಆಗದ ಮಾತು. ಆದರೆ ದಿನಕ್ಕೆ ನಾಲ್ಕು ಕಪ್, ಕಪ್ಪಿಗೆ ಎರಡು ಚಮಚ ಅಂದರೆ 40 ಗ್ರಾಂನಷ್ಟು ಸಕ್ಕರೆ ಚಹಾದಲ್ಲೇ ಹೋಗುತ್ತಿತ್ತು. ಎರಡು ವಾರಕ್ಕೆ ಅರ್ಧ ಚಮಚದಂತೆ ಇಳಿಸಿದೆ. ನಾಲಿಗೆಗೆ ಗೊತ್ತೇ ಆಗಲಿಲ್ಲ. ಈಗ ಎರಡು ಕಪ್, ಕಪ್ಪಿಗೆ ಅರ್ಧ ಚಮಚ. ಎಣ್ಣೆಯನ್ನೂ ಅಳೆದು ಹಾಕುತ್ತೇನೆ. ವಡಾಪಾವ್ ತಿಂಗಳಿಗೆ ಎರಡು ಸಲ, ಖುಷಿಯಿಂದ.

ರಾತ್ರಿ ಊಟ ಆದ ಮೇಲೆ ಹದಿನೈದು ನಿಮಿಷ ಸೊಸೈಟಿ ಅಂಗಳದಲ್ಲಿ ನಾನು, ನನ್ನ ಗಂಡ ನಡೆಯುತ್ತೇವೆ. ನಡೆಯುವ ಕಾಲಿನ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಂಡು ಬಳಸುತ್ತದೆ, ಅದಕ್ಕೇ ಊಟ ಆದ ಕೂಡಲೇ ನಡೆಯುವುದು ಒಳ್ಳೆಯದು. ಒಂದು ದಿನ ಗ್ಲುಕೋಮೀಟರ್‌ನಲ್ಲಿ ಪರೀಕ್ಷೆ ಮಾಡಿಯೇ ಬಿಟ್ಟೆ. ಅದೇ ರೊಟ್ಟಿ, ಅದೇ ಬೇಳೆ, ಅಳತೆಯೂ ಅದೇ. ನಡೆಯದ ರಾತ್ರಿ ಒಂದು ತಾಸಿನ ನಂತರ 171, ನಡೆದ ರಾತ್ರಿ 138. ಇದು ನನ್ನ ಮೈಯ ಲೆಕ್ಕ, ನಿಮ್ಮದು ಬೇರೆ ಇರಬಹುದು. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಮಾತ್ರ ಊಟ, ನಡಿಗೆ ಬದಲಿಸುವ ಮೊದಲು ದಯವಿಟ್ಟು ವೈದ್ಯರನ್ನು ಕೇಳಿ. ಸಕ್ಕರೆ ತೀರಾ ಇಳಿದುಬಿಡುವ ಅಪಾಯ ಇದೆ.

ಎಚ್‌ಬಿಎ1ಸಿ ಆರು ತಿಂಗಳಿಗೆ 5.9, ಒಂದು ವರ್ಷಕ್ಕೆ 5.7. ಇನ್ನೂ ಹೊಸ್ತಿಲ ಮೇಲೇ ಇದ್ದೇನೆ, ಆದರೆ ಹೊರಗಿನ ಅಂಚಿನಲ್ಲಿ. ಹೊಟ್ಟೆಯ ಸುತ್ತಳತೆ 85. ತೂಕ ಇಳಿದದ್ದು ಐದು ಕೆಜಿ ಮಾತ್ರ, ಅದರ ಬಗ್ಗೆ ನನಗೆ ಬೇಜಾರಿಲ್ಲ.

ಈಗ ಮಳೆಗಾಲ. ಪರ್ವತಿಯ ಕಲ್ಲು ಪಾಚಿ ಹಿಡಿದು ಜಾರುತ್ತವೆ. ಜೋರು ಮಳೆಯ ದಿನ ನಮ್ಮ ಕಟ್ಟಡದ ನಾಲ್ಕು ಮಹಡಿ ಮೂರು ಸಲ ಹತ್ತಿ, ಕಟಾಂಜನ ಹಿಡಿದು ನಿಧಾನ ಇಳಿಯುತ್ತೇನೆ. ಇವತ್ತು ಸ್ವಲ್ಪ ಬಿಸಿಲು ಇತ್ತು, ಕಾಕೂ ಜೊತೆ ಮೇಲೆ ಹೋಗಿ ಬಂದೆ. ಅವರು ಈಗಲೂ ನನಗಿಂತ ಮುಂದೆ. ಜೋಳದ ಹಿಟ್ಟು ನಾಳೆಗೆ ಮುಗಿಯುತ್ತದೆ, ಸಂಜೆ ಗಿರಣಿಗೆ ಹೋಗಬೇಕು.