ಹಿರಿಯರ ಮಾತಿನ ಮುದ್ರಣದಿಂದ ಗದ್ದಲ ಮತ್ತು ಮಾರ್ದನಿ ಕಳೆಯುವ ಬಗೆ

ಮುಂಬಯಿಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಹಿರಿಯರ ನೆನಪುಗಳನ್ನು ಅವರದೇ ದನಿಯಲ್ಲಿ ಉಳಿಸಿಕೊಳ್ಳಬೇಕೆಂಬ ಆಸೆ ಹಲವರಿಗಿದೆ. ಹಗಲು ಮಾಟುಂಗದ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರ ಮಾತು ಮತ್ತೆ ಸಿಗುವಂಥದ್ದಲ್ಲ. ಆದರೆ ಈ ಊರಿನ ಮನೆಗಳಲ್ಲಿ ಮಾಡಿದ ಮುದ್ರಣವನ್ನು ಆಮೇಲೆ ಕೇಳಿದರೆ ಮಾತಿಗಿಂತ ಮೊದಲು ಕಿವಿಗೆ ಬೀಳುವುದು ಫ್ಯಾನಿನ ಸದ್ದು, ಲೋಕಲ್ ರೈಲಿನ ಗಡಗಡ, ಪಕ್ಕದ ಮನೆಯ ಕುಕ್ಕರಿನ ಸೀಟಿ ಮತ್ತು ಗೋಡೆಗಳಿಂದ ಮರಳುವ ಮಾರ್ದನಿ.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದ ನಮ್ಮ ದೊಡ್ಡಪ್ಪನವರ ಮಾತನ್ನು ನಾನು ಮೊದಲ ಸಲ ಮುದ್ರಿಸಿದಾಗ ಫ್ಯಾನು ತಿರುಗುತ್ತಲೇ ಇತ್ತು. ಮನೆಗೆ ಬಂದು, ಸದ್ದು ಪೂರ್ತಿ ಹೋಗಲೆಂದು, ದನಿಯನ್ನು ತಿದ್ದುವ ಅಡಾಸಿಟಿ ತಂತ್ರಾಂಶದಲ್ಲಿ ಸದ್ದು ತಗ್ಗಿಸುವ ಅಳತೆಯನ್ನು 24 ಡೆಸಿಬಲ್‌ಗೆ ಏರಿಸಿದೆ. ಫ್ಯಾನು ಹೋಯಿತು, ಆದರೆ ದೊಡ್ಡಪ್ಪನವರ ‘ಹೋಟೆಲು’ ‘ಓಟೆಲು’ ಆಯಿತು, ‘ಹಾಲು’ ‘ಆಲು’ ಆಯಿತು. ಸಾಯುವವರೆಗೂ ಹಕಾರವನ್ನು ಬಿಡದೆ ಉಚ್ಚರಿಸಿದವರ ಬಾಯಲ್ಲಿ ನಾನೇ ಅದನ್ನು ಅಳಿಸಿದ್ದೆ. ಹ, ಸ, ಶ, ಷ ಮತ್ತು ಮಹಾಪ್ರಾಣಗಳ ಬಹುಭಾಗ ಬರಿಯ ಉಸಿರಿನ ಸದ್ದು; ತಂತ್ರಾಂಶದ ಲೆಕ್ಕಕ್ಕೆ ಅದಕ್ಕೂ ಫ್ಯಾನಿನ ಗಾಳಿಯ ಸದ್ದಿಗೂ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ಸ್ವಲ್ಪ ಗದ್ದಲ ಉಳಿದರೂ ಚಿಂತೆಯಿಲ್ಲ, ಅಕ್ಷರ ಹೋಗಬಾರದು ಎಂಬುದನ್ನು ಆಧಾರವಾಗಿಟ್ಟುಕೊಂಡೇ ಮುಂದಿನದನ್ನೆಲ್ಲ ಬರೆದಿದ್ದೇನೆ.

ಗದ್ದಲ ಮತ್ತು ಮಾರ್ದನಿ ಎರಡು ಬೇರೆ ತೊಂದರೆಗಳು. ಗದ್ದಲ ಹೊರಗಿನಿಂದ ಬಂದು ಮಾತಿಗೆ ಸೇರಿಕೊಂಡದ್ದು, ಹಾಗಾಗಿ ಅದನ್ನು ಗುರುತಿಸಿ ಬೇರ್ಪಡಿಸಲು ಸಾಧ್ಯ. ಮಾರ್ದನಿಯಾದರೋ ಮಾತಾಡುವವರ ದನಿಯೇ ಗೋಡೆಗೆ ಬಡಿದು ಸ್ವಲ್ಪ ತಡವಾಗಿ ಮೈಕಿಗೆ ತಲಪುವುದು. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಗೋಡೆಗೆ ಹೋಗಿ ಮರಳುವ ದನಿ 10–20 ಮಿಲಿಸೆಕೆಂಡಿನಷ್ಟೇ ತಡವಾಗುವುದರಿಂದ ಅದು ಬೆಟ್ಟದ ಮಾರ್ದನಿಯಂತೆ ಬೇರೆಯಾಗಿ ಕೇಳಿಸುವುದಿಲ್ಲ. ಕೊಡದೊಳಗೆ ಮುಖವಿಟ್ಟು ಮಾತಾಡಿದಂತೆ ಇಡೀ ದನಿಯೇ ಟೊಳ್ಳಾಗುತ್ತದೆ. ಹೀಗೆ ದನಿಗೆ ದನಿಯೇ ಬೆರೆತಿರುವುದನ್ನು ಆಮೇಲೆ ಬಿಡಿಸುವುದು ಗದ್ದಲ ತೆಗೆಯುವುದಕ್ಕಿಂತ ಬಹಳ ಕಷ್ಟ. ಅದಕ್ಕಾಗಿ ಮಾರ್ದನಿಯ ಕೆಲಸವನ್ನು ಮುದ್ರಣಕ್ಕೆ ಮೊದಲೇ, ಆ ಕೋಣೆಯಲ್ಲೇ ಮುಗಿಸಬೇಕು.

ಮುಂಬಯಿಯ ಫ್ಲ್ಯಾಟುಗಳಲ್ಲಿ ನೆಲಕ್ಕೆ ಟೈಲ್ಸ್, ಬರಿಯ ಗೋಡೆ, ಗಾಜಿನ ಕಿಟಕಿ, ಉಕ್ಕಿನ ಕಪಾಟು ಇರುತ್ತವೆ. ಇವೆಲ್ಲ ದನಿಯನ್ನು ಹೀರದೆ ಹಿಂದಕ್ಕೆ ಎಸೆಯುವ ವಸ್ತುಗಳು. ಹಜಾರಕ್ಕಿಂತ ಮಲಗುವ ಕೋಣೆಯೇ ಒಳ್ಳೆಯದು, ಏಕೆಂದರೆ ಅಲ್ಲಿ ಗಾದಿ, ದಿಂಬು, ಬಟ್ಟೆಗಳಿರುತ್ತವೆ. ಕೋಣೆಗಳ ಅನುರಣನವನ್ನು, ಅಂದರೆ ದನಿ ನಿಂತ ಮೇಲೂ ಉಳಿಯುವ ಮಾರ್ದನಿಯನ್ನು, ಮೊದಲು ಶಾಸ್ತ್ರೀಯವಾಗಿ ಅಳೆದ ಅಮೆರಿಕದ ಭೌತವಿಜ್ಞಾನಿ ವ್ಯಾಲೇಸ್ ಸಬೈನ್ 1895ರಲ್ಲಿ ಹಾರ್ವರ್ಡಿನ ಒಂದು ಉಪನ್ಯಾಸ ಕೊಠಡಿಯನ್ನು ಸರಿಪಡಿಸಲು ಹೊರಟಾಗ, ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಜೋಡಿಸುತ್ತ, ಎಷ್ಟು ಮೆತ್ತೆಗೆ ದನಿ ಎಷ್ಟು ಬೇಗ ಅಡಗುತ್ತದೆಂದು ಲೆಕ್ಕ ಹಾಕಿದ್ದರು. ನಾವು ಮಾಡಬೇಕಾದದ್ದೂ ಅದೇ. ಮಾತಾಡುವವರು ನೋಡುವ ದಿಕ್ಕಿನ ಗೋಡೆಗೆ ದಪ್ಪನೆಯ ಕೌದಿ ತೂಗುಹಾಕಿ, ಅವರ ಬೆನ್ನ ಹಿಂದೆ ಗಾದಿಯನ್ನು ನಿಲ್ಲಿಸಿ, ನೆಲಕ್ಕೆ ಜಮಖಾನೆ ಹಾಸಿದರೆ ಸಾಕು. ತೆಳುವಾದ ಸೀರೆ ಅಥವಾ ಚಾದರ ಎತ್ತರದ ಶ್ರುತಿಯ ಕಂಪನಗಳನ್ನಷ್ಟೇ ಹೀರುತ್ತದೆ, ಟೊಳ್ಳುತನವನ್ನು ಕಳೆಯುವುದಿಲ್ಲ. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರೆ ಫಲ ತಿಳಿಯುತ್ತದೆ: ಸದ್ದಿನ ಹಿಂದೆ ಝಣ್ಣೆನ್ನುವ ಬಾಲ ಕೇಳಿಸಿದರೆ ಇನ್ನೊಂದು ಕಂಬಳಿ ಬೇಕು. ದೊಡ್ಡಪ್ಪನವರ ಕೋಣೆಯಲ್ಲಿ ಎಷ್ಟು ಬಟ್ಟೆ ಹಾಕಿದರೂ ಒಂದು ಸಣ್ಣ ಝೇಂಕಾರ ಉಳಿಯುತ್ತಿತ್ತು. ಕೊನೆಗೆ ಕಪಾಟಿನ ಬಾಗಿಲಿಗೆ ಅಂಗೈ ಒತ್ತಿದಾಗ ಅದು ನಿಂತಿತು. ಬಾಗಿಲಿನ ಸಂದಿಗೆ ಮಡಿಚಿದ ಟವೆಲು ತುರುಕಿದ ಮೇಲೆ ಮತ್ತೆ ಕೇಳಿಸಲಿಲ್ಲ.

ಇದಕ್ಕಿಂತ ದೊಡ್ಡ ಉಪಾಯ ಮೈಕನ್ನು ಹತ್ತಿರ ತರುವುದು. ದೂರ ಅರ್ಧವಾದಾಗಲೆಲ್ಲ ಬಾಯಿಂದ ನೇರವಾಗಿ ಬರುವ ದನಿ ಸುಮಾರು 6 ಡೆಸಿಬಲ್ ಏರುತ್ತದೆ, ಆದರೆ ಕೋಣೆಯ ಮಾರ್ದನಿ ಹೆಚ್ಚು ಕಡಿಮೆ ಇದ್ದಷ್ಟೇ ಇರುತ್ತದೆ. 3 ಅಡಿ ದೂರದ ಟೀಪಾಯಿಯ ಮೇಲಿದ್ದ ಮೊಬೈಲನ್ನು ಬಾಯಿಯಿಂದ ಒಂದು ಗೇಣಿನ ದೂರಕ್ಕೆ ತಂದರೆ 12 ಡೆಸಿಬಲ್‌ನಷ್ಟು ಲಾಭ. ಯಾವ ತಂತ್ರಾಂಶವೂ ಇಷ್ಟನ್ನು ಅಕ್ಷರಗಳಿಗೆ ಪೆಟ್ಟಾಗದಂತೆ ಕೊಡಲಾರದು. ಮೈಕನ್ನು ಬಾಯಿಯ ನೇರಕ್ಕೆ ಹಿಡಿಯದೆ ಸ್ವಲ್ಪ ಓರೆಯಾಗಿ ಇಟ್ಟರೆ ಪ, ಬ, ಭಗಳ ಗಾಳಿಯ ಹೊಡೆತ ತಪ್ಪುತ್ತದೆ. ಕಾಲರ್ ಮೈಕಾದರೆ ಹೊದ್ದ ಶಾಲು ಅದಕ್ಕೆ ಉಜ್ಜದಂತೆ ನೋಡಿಕೊಳ್ಳಬೇಕು. ಫ್ಯಾನನ್ನು ನಿಲ್ಲಿಸಲೇಬೇಕು, ಆದರೆ ಮೇ ತಿಂಗಳ ಸೆಖೆಯಲ್ಲಿ ವಯಸ್ಸಾದವರನ್ನು ಗಂಟೆಗಟ್ಟಲೆ ಹಾಗೆ ಕೂರಿಸುವುದು ತಪ್ಪು. ಬೆಳಗಿನ ಹೊತ್ತು ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿಸಿ, ಫ್ಯಾನು ಹಾಕಿ, ನೀರು ಕೊಟ್ಟು ಮುಂದುವರಿಸಿರಿ. ಶುರುವಿಗೆ ಅಥವಾ ಕೊನೆಗೆ ಯಾರೂ ಮಾತಾಡದೆ ಅರ್ಧ ನಿಮಿಷ ಬರಿಯ ಕೋಣೆಯ ಸದ್ದನ್ನು ಮುದ್ರಿಸಿಕೊಳ್ಳಿ, ಅದರ ಉಪಯೋಗ ಮುಂದೆ ಇದೆ. ಮಾತಿನ ಮಟ್ಟ ಅತಿ ಜೋರಾದಾಗಲೂ ಸೊನ್ನೆಗಿಂತ (ಮುದ್ರಣ ತಾಳುವ ಅತಿ ಮೇಲಿನ ಮಟ್ಟಕ್ಕಿಂತ) 6 ಡೆಸಿಬಲ್ ಕೆಳಗಿರಲಿ, ಮುದ್ರಣ ದನಿಯನ್ನು ಕುಗ್ಗಿಸದ ವೇವ್ ರೂಪದಲ್ಲಿರಲಿ.

ರೈಲು ಹಾದಾಗ ಮಾತನ್ನು ತಡೆಯಬಾರದು, ತಡೆದರೆ ನೆನಪಿನ ಎಳೆ ಕಡಿಯುತ್ತದೆ. ಹೊತ್ತನ್ನು ಗುರುತು ಹಾಕಿಕೊಂಡು, ಆ ಪ್ರಸಂಗ ಮುಗಿದ ಮೇಲೆ “ದೊಡ್ಡಪ್ಪ, ಆ ಮಾತನ್ನು ಇನ್ನೊಮ್ಮೆ ಹೇಳುತ್ತೀರಾ?” ಎಂದು ಕೇಳಿದರೆ ಅವರು ಮೊದಲಿಗಿಂತ ಚೆನ್ನಾಗಿ ಹೇಳುವುದೂ ಉಂಟು.

ಈಗ ತಂತ್ರಾಂಶದ ಕೆಲಸ. ಮೂಲ ಕಡತವನ್ನು ಮುಟ್ಟದೆ, ಅದರ ಒಂದು ನಕಲನ್ನು ಅಡಾಸಿಟಿಯಲ್ಲಿ ತೆರೆಯಿರಿ. ಇದು ಉಚಿತವಾಗಿ ಸಿಗುತ್ತದೆ. ಮೊದಲು, ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿನ ಕಂಪನಗಳನ್ನು ತಡೆಯುವ ಹೈ-ಪಾಸ್ ಫಿಲ್ಟರನ್ನು 80 ಹರ್ಟ್ಸ್‌ಗೆ ಇಟ್ಟು ಹಾಯಿಸಿದರೆ ರಸ್ತೆಯ ಗುಡುಗುಡು, ಮೇಜಿನ ಅದುರು ತಗ್ಗುತ್ತವೆ. ಹೆಂಗಸರ ದನಿಯಾದರೆ ಇದನ್ನು 100 ಹರ್ಟ್ಸ್‌ವರೆಗೂ ಏರಿಸಬಹುದು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಚಾರ್ಜರಿನಿಂದ ಬರುವ ಗುಂಯ್ ಎಂಬ ಸದ್ದು 50, 100, 150 ಹರ್ಟ್ಸ್‌ಗಳಲ್ಲಿ ಕೂತಿರುತ್ತದೆ; ದನಿಯ ಕಂಪನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ ಬದಲಿಸಿದರೆ ಅಡ್ಡಗೆರೆಗಳಂತೆ ಕಣ್ಣಿಗೇ ಕಾಣುತ್ತದೆ. ಆ ಗೆರೆಗಳಿಗೆ ಮಾತ್ರ, ಒಂದೇ ಕಂಪನವನ್ನು ಆಯ್ದು ತೆಗೆಯುವ ನಾಚ್ ಫಿಲ್ಟರ್ ಹಾಕಬೇಕು.

ಆಮೇಲೆ ನಾಯ್ಸ್ ರಿಡಕ್ಷನ್, ಅಂದರೆ ಗದ್ದಲ ತಗ್ಗಿಸುವ ಕೆಲಸ. ಮೊದಲೇ ಮುದ್ರಿಸಿಟ್ಟ ಅರ್ಧ ನಿಮಿಷದ ಕೋಣೆಯ ಸದ್ದನ್ನು ಆಯ್ದು, ಅದನ್ನು ಗದ್ದಲದ ಮಾದರಿಯಾಗಿ ಕೊಡಿರಿ. ತಂತ್ರಾಂಶವು ಒಂದೊಂದು ಕಂಪನದ ಪಟ್ಟಿಯಲ್ಲೂ ಗದ್ದಲ ಎಷ್ಟು ಮಟ್ಟದಲ್ಲಿದೆಯೆಂದು ನೋಡಿಕೊಂಡು, ಮಾತಿನ ನಡುವೆ ಆ ಮಟ್ಟಕ್ಕಿಂತ ಕೆಳಗಿಳಿದದ್ದನ್ನೆಲ್ಲ ತಗ್ಗಿಸುತ್ತದೆ. ನಂತರ ಇಡೀ ಮುದ್ರಣವನ್ನು ಆಯ್ದು 6 ಡೆಸಿಬಲ್‌ನಿಂದ ಆರಂಭಿಸಿರಿ. ಒಪ್ಪಿಗೆ ಕೊಡುವ ಮೊದಲು ಅಲ್ಲಿಯೇ ಇರುವ ‘ರೆಸಿಡ್ಯೂ’ ಎಂಬ ಗುಂಡಿಯನ್ನು ಆಯ್ದು, ‘ಪ್ರಿವ್ಯೂ’ ಒತ್ತಿ ಕೇಳಬೇಕು. ತೆಗೆದುಹಾಕುತ್ತಿರುವುದು ಏನೆಂಬುದು ಆಗ ಮಾತ್ರ ಕೇಳಿಸುತ್ತದೆ. ಅದರಲ್ಲಿ ಬರಿಯ ಭರ್ರೆಂಬ ಸದ್ದಿದ್ದರೆ ಕೆಲಸ ಸರಿಯಾಗಿದೆ. ಸಕಾರದ ಸಿಳ್ಳು ಅಥವಾ ಮಾತಿನ ಚೂರು ಕೇಳಿಸಿದರೆ ಅಳತೆಯನ್ನು ಇಳಿಸಬೇಕು. ಈ ಒಂದು ಗುಂಡಿ ನನಗೆ ಮೊದಲೇ ತಿಳಿದಿದ್ದರೆ ದೊಡ್ಡಪ್ಪನವರ ಹಕಾರ ಉಳಿಯುತ್ತಿತ್ತು. ಜೋರಾಗಿ ಒಂದೇ ಸಲ ತೆಗೆಯುವುದಕ್ಕಿಂತ ಹಗುರವಾಗಿ ಎರಡು ಸಲ ತೆಗೆಯುವುದು ಒಳ್ಳೆಯದೆಂದು ನನ್ನ ಅನುಭವ. ನೀರಿನೊಳಗಿಂದ ಮಾತಾಡಿದಂತೆ ಬುಳುಬುಳು ಕೇಳಿಸಿದರೆ ಮಿತಿ ಮೀರಿದೆ ಎಂದರ್ಥ.

ಈ ವಿಧಾನ ಒಂದೇ ಸಮನೆ ಬರುವ ಸದ್ದಿಗೆ ಮಾತ್ರ ಹೊಂದುತ್ತದೆ. ಮಳೆಗಾಲದಲ್ಲಿ ಕಿಟಕಿಯ ತಗಡಿನ ಮೇಲೆ ಬೀಳುವ ಮಳೆ ನಿಮಿಷ ನಿಮಿಷಕ್ಕೂ ಏರಿಳಿಯುವುದರಿಂದ, ಮುದ್ರಣವನ್ನು ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಅದರ ಹತ್ತಿರದ ಮೌನದಿಂದಲೇ ಮಾದರಿ ತೆಗೆದುಕೊಳ್ಳಬೇಕು. ಕುಕ್ಕರಿನ ಸೀಟಿ, ಕಾಗೆಯ ಕೂಗು ಮಾತಿನ ಬಿಡುವಿನಲ್ಲಿ ಬಂದಿದ್ದರೆ ಅಷ್ಟನ್ನು ಕತ್ತರಿಸಿ, ಆ ಜಾಗಕ್ಕೆ ಕೋಣೆಯ ಸದ್ದಿನ ತುಣುಕನ್ನು ಅಂಟಿಸಿರಿ. ಪೂರ್ಣ ನಿಶ್ಶಬ್ದವನ್ನು ಅಂಟಿಸಿದರೆ ಕೇಳುಗರಿಗೆ ಯಂತ್ರ ಕೆಟ್ಟಂತೆ ಅನಿಸುತ್ತದೆ.

ಮಾರ್ದನಿ ಉಳಿದೇ ಬಿಟ್ಟಿದ್ದರೆ ಅದಕ್ಕೆಂದೇ ಇರುವ ಸಾಧನ ಬೇಕು. ಹಣ ಕೊಟ್ಟು ಕೊಳ್ಳುವ ಐಜೋಟೋಪ್ ಆರ್‌ಎಕ್ಸ್‌ನಲ್ಲಿ ಡಿ-ರಿವರ್ಬ್ ಇದೆ. ಅಂತರ್ಜಾಲದಲ್ಲಿ ಅಡೋಬಿ ಪಾಡ್‌ಕಾಸ್ಟ್‌ನಂಥ, ಕೃತಕ ಬುದ್ಧಿಮತ್ತೆಯಿಂದ ಕೆಲಸ ಮಾಡುವ ಸೇವೆಗಳಿವೆ. ಇವುಗಳ ಫಲ ಕೆಲವೊಮ್ಮೆ ಬೆರಗು ಹುಟ್ಟಿಸುವಷ್ಟು ಚೆನ್ನಾಗಿರುತ್ತದೆ. ಆದರೆ ದನಿ ಮಸುಕಾದ ಕಡೆ ಇಲ್ಲದ ಅಕ್ಷರವನ್ನು ಹೊಸದಾಗಿ ಕಟ್ಟುವ ಅಪಾಯವೂ ಇದೆ. ಊರಿನ ಹೆಸರು, ಮನೆತನದ ಹೆಸರು, ನಡುವೆ ಬರುವ ತುಳು ಮಾತುಗಳನ್ನು ಮೂಲದೊಂದಿಗೆ ಒಂದೊಂದಾಗಿ ಹೋಲಿಸಿ ಕೇಳದೆ ಒಪ್ಪಬಾರದು. ಹಿರಿಯರ ಖಾಸಗಿ ಮಾತುಗಳಿರುವ ಕಡತವನ್ನು ಬೇರೆಯವರ ಸರ್ವರಿಗೆ ಕಳಿಸುವ ಮೊದಲು ಅವರ ಅಥವಾ ಮನೆಯವರ ಒಪ್ಪಿಗೆ ಪಡೆಯಬೇಕು.

ದನಿಯ ಏರಿಳಿತವನ್ನು ಸಮಗೊಳಿಸುವ ಕಂಪ್ರೆಸರನ್ನು ಎಲ್ಲಕ್ಕಿಂತ ಕೊನೆಗೆ ಹಾಕಬೇಕು, ಮೊದಲೇ ಹಾಕಿದರೆ ಅಡಗಿದ್ದ ಗದ್ದಲವೂ ಮೇಲೆದ್ದು ಬರುತ್ತದೆ. ಸಿದ್ಧವಾದದ್ದನ್ನು ಒಮ್ಮೆ ಹೆಡ್‌ಫೋನಿನಲ್ಲಿ, ಇನ್ನೊಮ್ಮೆ ಮೊಬೈಲಿನ ಸ್ಪೀಕರಿನಲ್ಲಿ ಕೇಳಿ, ಹಂಚಲು ಎಂಪಿ3 ಪ್ರತಿ ಮಾಡಿಕೊಳ್ಳಿ. ಮೂಲವನ್ನು ಮಾತ್ರ ಅಳಿಸಬೇಡಿ: 48 ಕಿಲೋಹರ್ಟ್ಸ್, 24 ಬಿಟ್‌ನ ಒಂದೇ ಚಾನೆಲಿನ ವೇವ್ ಕಡತ ಗಂಟೆಗೆ ಸುಮಾರು 520 ಎಂಬಿ ಜಾಗ ಹಿಡಿಯುತ್ತದೆ, ಒಂದು ಸಾಮಾನ್ಯ ಪೆನ್‌ಡ್ರೈವಿನಲ್ಲಿ ಹತ್ತಾರು ಗಂಟೆಗಳ ಮಾತು ಹಿಡಿಸುತ್ತದೆ. ದೊಡ್ಡಪ್ಪನವರ ಆ ಮೊದಲ ಮುದ್ರಣದ ಮೂಲ ನನ್ನಲ್ಲಿ ಉಳಿದಿಲ್ಲ, ಶುಚಿ ಮಾಡಿದ ಪ್ರತಿಯನ್ನೇ ಅದರ ಮೇಲೆ ಉಳಿಸಿಬಿಟ್ಟಿದ್ದೆ.