ರಿಯಾದ್‌ನಲ್ಲಿ ಐದು ದಿನ, ಒಂದು ಬೀಗದ ಕೈ

2016ರ ಅಕ್ಟೋಬರ್‌ನಲ್ಲಿ ಕಂಪನಿಯವರು ನನ್ನನ್ನು ಸೌದಿ ಅರೇಬಿಯಾದ ರಿಯಾದ್‌ಗೆ ಕಳಿಸಿದರು. ಅಲ್ಲಿನ ಒಂದು ಆಫೀಸಿಗೆ ಪೇರೋಲ್, ಅಂದರೆ ಸಂಬಳ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಟ್ಟು, ಅವರಿಗೆ ಕಲಿಸಿ ಬರುವ ಕೆಲಸ. ಹೊರಡುವ ಮುಂಚೆ ಸಿಕ್ಕವರೆಲ್ಲ ಬುದ್ಧಿ ಹೇಳಿದ್ದು ಬಟ್ಟೆ ಬಗ್ಗೆನೇ. ಶಿವಾಜಿನಗರದಲ್ಲಿ ಕಪ್ಪು ಅಬಾಯ (ಬಟ್ಟೆ ಮೇಲೆ ಹಾಕುವ ಉದ್ದ ನಿಲುವಂಗಿ) ಕೊಂಡೆ, ವಿಮಾನ ಇಳಿಯುವ ಮುಂಚೆ ಸೀಟಲ್ಲೇ ಹಾಕಿಕೊಂಡೆ. ಅದೇನೂ ಕಷ್ಟ ಆಗಲಿಲ್ಲ. ಎರಡನೇ ದಿನ ಮಾತ್ರ ಅದರ ಅಂಚು ಕುರ್ಚಿಯ ಚಕ್ರಕ್ಕೆ ಸಿಕ್ಕಿ, ಎಲ್ಲರ ಎದುರು ಅರ್ಧ ಎದ್ದು ಅಲ್ಲೇ ಬಗ್ಗಿ ನಿಂತೆ. ಕೊಳ್ಳುವವರು ಎರಡು ಇಂಚು ಗಿಡ್ಡದ್ದನ್ನೇ ಕೊಳ್ಳಿ.

ಯಾರೂ ಹೇಳದೇ ಇದ್ದದ್ದು ಟಾಯ್ಲೆಟ್ ವಿಷಯ. ಆ ಆಫೀಸಿನಲ್ಲಿ ಹೆಂಗಸರೇ ಕೆಲಸಕ್ಕಿರಲಿಲ್ಲ. ಹಾಗಾಗಿ ಹೆಂಗಸರ ಟಾಯ್ಲೆಟ್ಟೂ ಇಲ್ಲ.

ಮೊದಲ ದಿನ ಭಾನುವಾರ. ಅಲ್ಲಿ ವಾರ ಶುರುವಾಗೋದೇ ಅವತ್ತು. ರಜೆ ಶುಕ್ರವಾರ, ಶನಿವಾರ. ಒಳಗೆ ಹೋದ ಕೂಡಲೇ ಗಹ್ವಾ, ಅಂದರೆ ಅಲ್ಲಿನ ಕಾಫಿ, ಬಂತು. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ಘಮ, ತಿಳಿ ಹಳದಿ ಬಣ್ಣ. ನಮ್ಮ ಫಿಲ್ಟರ್ ಕಾಫಿ ಕುಡಿದ ನಾಲಿಗೆಗೆ ಕಷಾಯ ಅನ್ನಿಸುತ್ತದೆ, ಖರ್ಜೂರ ಕಚ್ಚಿಕೊಂಡು ಕುಡಿದರೆ ರುಚಿ. ಹಿಡಿಯಿಲ್ಲದ ಪುಟ್ಟ ಕಪ್ಪು ಖಾಲಿಯಾದಷ್ಟೂ ತುಂಬುತ್ತಿತ್ತು. ಬೇಡ ಅಂದರೆ ಬೇಜಾರಾದಾರು ಅಂತ ಐದು ಕಪ್ ಕುಡಿದೆ. ಹನ್ನೊಂದಕ್ಕೆಲ್ಲ ನನ್ನ ಪರಿಸ್ಥಿತಿ ಕೇಳಬೇಡಿ.

ಕಾಫಿ ಕೊಡುತ್ತಿದ್ದ ಹುಡುಗ ಪುತ್ತೂರಿನವನು. ನನ್ನ ಲ್ಯಾಪ್‌ಟಾಪ್ ಮೇಲಿನ ಕನ್ನಡ ಸ್ಟಿಕರ್ ನೋಡಿ ಮಾತಾಡಿಸಿದ. ನಾಚಿಕೆ ಬಿಟ್ಟು ಅವನನ್ನೇ ಕೇಳಿದೆ. ಅವನು ಮ್ಯಾನೇಜರ್ ಕಿವಿಯಲ್ಲಿ ಏನೋ ಹೇಳಿದ, ಮ್ಯಾನೇಜರ್ ನನ್ನ ಕಡೆ ನೋಡದೆಯೇ ಡ್ರಾಯರ್‌ನಿಂದ ಒಂದು ಬೀಗದ ಕೈ ತೆಗೆದು ಕೊಟ್ಟರು. ಊರಲ್ಲಿಲ್ಲದ ಡೈರೆಕ್ಟರ್ ರೂಮಿನದು. ಒಳಗೆ ಅವರದೇ ಟಾಯ್ಲೆಟ್. ಆ ಬೀಗದ ಕೈ ಐದೂ ದಿನ ನನ್ನ ಹತ್ತಿರವೇ ಇತ್ತು.

"ಸಾಕಾದ್ರೆ ಕಪ್ ಅಲ್ಲಾಡಿಸಿ ಕೊಡಿ ಅಕ್ಕ," ಅಂದ ಹುಡುಗ. "ಇಲ್ಲದಿದ್ರೆ ನಾನು ಹಾಕ್ತಾನೇ ಇರ್ಬೇಕಾಗ್ತದೆ."

ಬೆಂಗಳೂರಲ್ಲಿ ಮಾಡಿಕೊಂಡು ಹೋಗಿದ್ದ ಟ್ರೇನಿಂಗ್ ಟೈಮ್‌ಟೇಬಲ್ ಅವತ್ತೇ ಹಾಳಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಒಂದು ನಮಾಜು, ಮೂರರ ಸುಮಾರಿಗೆ ಇನ್ನೊಂದು. ಕ್ಲಾಸು ಅರ್ಧಕ್ಕೇ ಖಾಲಿ. ಮರುದಿನದಿಂದ ಪಾಠವನ್ನೇ ನಮಾಜಿನ ಹೊತ್ತಿಗೆ ಮುಗಿಯುವ ಹಾಗೆ ಕತ್ತರಿಸಿದೆ. ಹಾಗೆ ನನಗೂ ಇಪ್ಪತ್ತು ನಿಮಿಷ ಬಿಡುವು ಸಿಕ್ಕಿತು.

ಅಲ್ಲಿನ ಗಂಡಸರ ಕೈ ಕುಲುಕೋದು ಅವರೇ ಕೈ ಚಾಚಿದರೆ ಮಾತ್ರ. ಇಲ್ಲದಿದ್ದರೆ ಬಲಗೈ ಎದೆ ಮೇಲಿಟ್ಟು ತಲೆ ಬಾಗಿಸಿದರೆ ಸಾಕು. ಆಮೇಲೆ ಮಾತು ತಾನಾಗಿ ಬರುತ್ತದೆ, ಅದೂ ಕೆಲಸದ್ದೇ. ಆ ತಿಂಗಳಷ್ಟೇ ಸರ್ಕಾರಿ ಸಂಬಳ ಹಿಜ್ರಿ (ಚಂದ್ರನನ್ನು ನೋಡಿ ನಡೆಯುವ ಇಸ್ಲಾಮಿಕ್ ಕ್ಯಾಲೆಂಡರ್) ಲೆಕ್ಕದಿಂದ ಇಂಗ್ಲಿಷ್ ಕ್ಯಾಲೆಂಡರಿಗೆ ಬದಲಾಗಿತ್ತು. ಹಿಜ್ರಿ ವರ್ಷ ಸುಮಾರು 11 ದಿನ ಚಿಕ್ಕದು, ಅಂದರೆ ಇನ್ನು ಅದೇ ವರ್ಷದ ಸಂಬಳಕ್ಕೆ ಅಷ್ಟು ದಿನ ಹೆಚ್ಚು ಕೆಲಸ. ಅಕೌಂಟ್ಸ್‌ನವರು ಅದನ್ನು ಲೆಕ್ಕ ಹಾಕಿ ಹಾಕಿ ನನ್ನ ಹತ್ತಿರ ಗೊಣಗಿದರು.

ರಾತ್ರಿ ಊಟಕ್ಕೆ ಹೋದರೆ ಆಗ ಹೋಟೆಲುಗಳಲ್ಲಿ ಎರಡು ಬಾಗಿಲು ಇರುತ್ತಿದ್ದವು. 'ಸಿಂಗಲ್ಸ್' ಅಂದರೆ ಗಂಡಸರು. ಒಬ್ಬಳೇ ಹೋದ ನಾನು 'ಫ್ಯಾಮಿಲಿ'. ಪರದೆ ಎಳೆದ ಕ್ಯಾಬಿನ್‌ನಲ್ಲಿ ಕೂತು ಒಂದಿಡೀ ಫ್ಯಾಮಿಲಿಗಾಗುವಷ್ಟು ಕಬ್ಸಾ (ಮಸಾಲೆ, ಮಾಂಸ ಹಾಕಿದ ಅನ್ನ) ತಿಂದೆ.

2019ರ ಕೊನೆಗೆ ಮತ್ತೆ ಅದೇ ಆಫೀಸಿಗೆ ಹೋದೆ. ಅಕೌಂಟ್ಸ್‌ನಲ್ಲಿ ಇಬ್ಬರು ಸೌದಿ ಹುಡುಗಿಯರಿದ್ದರು. ಒಬ್ಬಳು ತಾನೇ ಕಾರು ಓಡಿಸಿಕೊಂಡು ಬರುತ್ತಿದ್ದಳು. ಕಾರಿಡಾರ್ ಕೊನೆಯಲ್ಲಿ ಹೊಸ ಬಾಗಿಲು, ಅದರ ಮೇಲೆ ಹೆಂಗಸಿನ ಚಿತ್ರ. ಅವತ್ತು ನಾಲ್ಕನೇ ಕಪ್ಪಿಗೂ ಅಲ್ಲಾಡಿಸಲಿಲ್ಲ.