ಎಳೆ ಕಿತ್ತಳೆ, ಮೋಸಂಬಿ ಗಿಡಗಳಿಗೆ ನೀರು ಮತ್ತು ಹೊದಿಕೆ: ನಾನು ಮಾಡುವ ರೀತಿ

ನಿಂಬೆ, ಕಿತ್ತಳೆ, ಮೋಸಂಬಿ ನೆಟ್ಟವರು ಮೊದಲು ಕೇಳುವುದು "ದಿನಕ್ಕೆ ಎಷ್ಟು ನೀರು ಬೇಕು?" ಅಂತ. ನಾನು ಮೊದಲು ನೋಡುವುದು ನೀರು ಎಲ್ಲಿ ಬೀಳುತ್ತಿದೆ ಅನ್ನುವುದನ್ನು. ಈ ಜಾತಿಯ ಗಿಡಗಳಿಗೆ ಬುಡದ ತೊಗಟೆ ಸದಾ ಒದ್ದೆಯಾಗಿದ್ದರೆ ಆಗುವುದೇ ಇಲ್ಲ. ಬೇರಿಗೆ ಮಾತ್ರ ತೇವ ತಪ್ಪಬಾರದು. ನನ್ನ ತೋಟದಲ್ಲಿ ಪಾತಿ, ಡ್ರಿಪ್ (ಹನಿ ನೀರಾವರಿ), ಹೊದಿಕೆ (ಬುಡದ ಸುತ್ತ ಮಣ್ಣಿನ ಮೇಲೆ ಹರಡುವ ಒಣಹುಲ್ಲು, ತರಗೆಲೆ) ಎಲ್ಲವೂ ಇದನ್ನು ನೋಡಿಕೊಂಡೇ ಇವೆ.

ಬುಡ ಒದ್ದೆಯಾದರೆ ಏನಾಗುತ್ತದೆ? ಮಣ್ಣಿನಲ್ಲಿರುವ ಫೈಟೋಫ್ತೊರಾ ಎಂಬ ರೋಗಾಣು ನೀರಿನಲ್ಲಿ ಈಜಿಕೊಂಡು ತೊಗಟೆಗೆ ಹತ್ತುತ್ತದೆ. ತೊಗಟೆ ಕೊಳೆತು ಬಿರಿಯುತ್ತದೆ, ಅಂಟು ಸೋರುತ್ತದೆ. ಕೊಳೆ ಕಾಂಡವನ್ನು ಪೂರ್ತಿ ಸುತ್ತಿಕೊಂಡರೆ ಗಿಡ ಉಳಿಯುವುದಿಲ್ಲ. ಅದಕ್ಕೇ ನೆಡುವಾಗ ಕಸಿ ಗಂಟನ್ನು (ಕಸಿ ಕಟ್ಟಿ ಕೂಡಿಸಿದ ಜಾಗವನ್ನು) ಮಣ್ಣಿನಿಂದ ಒಂದು ಗೇಣಿನಷ್ಟು ಮೇಲೆ ಇಡುತ್ತೇನೆ. ಗುಂಡಿಯ ಮಣ್ಣು ಒಂದೆರಡು ಮಳೆಗೆ ಕುಸಿಯುತ್ತದಲ್ವಾ, ಹಾಗಾಗಿ ಸ್ವಲ್ಪ ಏರಿಸಿಯೇ ನೆಡುವುದು ಒಳ್ಳೆಯದು.

ಪಾತಿ ಮಾಡುವಾಗ ಎರಡು ಸುತ್ತು ಹಾಕುತ್ತೇನೆ. ಹೊರಗಿನ ಏರಿ ನೀರನ್ನು ಹಿಡಿದಿಡುತ್ತದೆ. ಒಳಗೆ ಕಾಂಡದ ಸುತ್ತ ಮಣ್ಣಿನ ಚಿಕ್ಕ ದಿಬ್ಬ. ನೀರು ಈ ಎರಡರ ನಡುವೆ ನಿಲ್ಲುತ್ತದೆ, ಕಾಂಡವನ್ನು ಮುಟ್ಟುವುದಿಲ್ಲ. ದಿಬ್ಬ ಮಾಡುವಾಗ ಮಣ್ಣು ಕಸಿ ಗಂಟಿನ ತನಕ ಏರದಂತೆ ನೋಡಿಕೊಳ್ಳಬೇಕು.

ಮೊದಲ ಕೆಲವು ವಾರ ಮಾತ್ರ ಲೆಕ್ಕ ಬೇರೆ. ಗಿಡದ ಬೇರೆಲ್ಲ ಆಗ ನರ್ಸರಿ ಪ್ಯಾಕೆಟ್ಟಿನ ಮಣ್ಣಿನ ಹೆಂಟೆಯೊಳಗೇ ಇರುತ್ತದೆ. ಆ ಮಣ್ಣು ಬೇರೆ, ಸುತ್ತಲಿನ ಮಣ್ಣು ಬೇರೆ. ಪಾತಿ ತುಂಬಾ ನೀರಿದ್ದರೂ ಹೆಂಟೆ ಒಳಗೆ ಒಣಗಿರಬಹುದು. ಆದ್ದರಿಂದ ಆ ಸಮಯದಲ್ಲಿ ಹೆಂಟೆಯ ಅಂಚಿಗೇ ನಿಧಾನವಾಗಿ ನೀರು ಬಿಡುತ್ತೇನೆ. ಹೊಸ ಚಿಗುರು ಬಲಿತ ಮೇಲೆ ನೀರನ್ನು ಹೊರಕ್ಕೆ ಸರಿಸುತ್ತಾ ಹೋಗುತ್ತೇನೆ, ಬೇರೂ ಅದರ ಹಿಂದೆಯೇ ಹರಡುತ್ತದೆ.

ಈಗ ಎಷ್ಟು ನೀರು ಅನ್ನುವ ವಿಷಯ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ನೀರೆಂದರೆ 1 ಲೀಟರ್. ಗಿಡದ ಹರವು ಒಂದು ಮೀಟರ್ ಅಗಲ ಇದ್ದರೆ ಅದರ ನೆರಳಿನ ಜಾಗ ಸುಮಾರು 0.8 ಚದರ ಮೀಟರ್. ಬಿಸಿಲಿನ ದಿನ 6 ಮಿಲಿಮೀಟರ್ ಆವಿಯಾಗುತ್ತದೆ ಅಂದುಕೊಳ್ಳಿ. ಅದರ ಮುಕ್ಕಾಲು ಪಾಲಿನಷ್ಟು ಗಿಡಕ್ಕೆ ಬೇಕೆಂದರೂ ದಿನಕ್ಕೆ 3ರಿಂದ 4 ಲೀಟರ್ ಆಯಿತು. ನಾನು ಅದನ್ನು ದಿನಾ ಚೂರು ಚೂರು ಕೊಡುವುದಿಲ್ಲ. ಮೂರು ದಿನದ್ದನ್ನು ಸೇರಿಸಿ ಒಮ್ಮೆಗೆ 10 ಲೀಟರ್ ಕೊಡುತ್ತೇನೆ. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ ಎರಡು ಬದಿಗೂ ಒಂದೊಂದು ಇದ್ದರೆ ಒಂದೂಕಾಲು ಗಂಟೆ ಸಾಕು. ಮರಳು ಮಣ್ಣಾದರೆ ನೀರು ನೇರ ಕೆಳಕ್ಕೆ ಇಳಿದುಬಿಡುತ್ತದೆ. ಅಲ್ಲಿ ಕಡಿಮೆ ಕಡಿಮೆ, ಹೆಚ್ಚು ಸಲ ಕೊಡಬೇಕು. ಜೇಡಿ ಮಣ್ಣಿನಲ್ಲಿ ನೀರು ಅಗಲಕ್ಕೆ ಹರಡುತ್ತದೆ, ಬೇಗ ಆರುವುದಿಲ್ಲ. ಅಂಥ ಕಡೆ ಇನ್ನೂ ಹೆಚ್ಚು ದಿನ ಬಿಟ್ಟು ಕೊಡಬೇಕು.

ಲೆಕ್ಕಕ್ಕಿಂತ ನಾನು ನಂಬುವುದು ಕುರ್ಪಿಯನ್ನು. ಬುಡದಿಂದ ಒಂದು ಮೊಳ ದೂರ, ಅರ್ಧ ಗೇಣು ಆಳ ಕೆದಕಿ ಮಣ್ಣನ್ನು ಅಂಗೈಯಲ್ಲಿ ಹಿಚುಕುತ್ತೇನೆ. ಉಂಡೆಯಾಗಿ ನಿಂತರೆ ಆ ದಿನ ನೀರು ಬೇಡ. ಎಲೆಯೂ ಹೇಳುತ್ತದೆ. ಮಧ್ಯಾಹ್ನ ದೋಣಿಯ ಹಾಗೆ ಮಡಚಿದ ಎಲೆ ಸಂಜೆಗೆ ಬಿಚ್ಚಿಕೊಂಡರೆ ಅದು ಬಿಸಿಲಿನ ತಾಪ. ಬೆಳಿಗ್ಗೆಯೂ ಮಡಚಿಕೊಂಡೇ ಇದ್ದು ಮಣ್ಣು ಒಣಗಿದ್ದರೆ ಬಾಯಾರಿಕೆ. ಆದರೆ ಮಣ್ಣು ಒದ್ದೆ ಇದ್ದೂ ಎಲೆ ಹಳದಿಯಾಗಿ ಜೋತುಬಿದ್ದಿದ್ದರೆ ಬೇರಿಗೆ ಗಾಳಿ ಸಿಗುತ್ತಿಲ್ಲ ಅಂತಲೇ ನಾನು ಮೊದಲು ಅನುಮಾನಿಸುವುದು. ಆಗ ಇನ್ನಷ್ಟು ನೀರು ಬಿಟ್ಟರೆ ಗಿಡ ಕೈಬಿಟ್ಟು ಹೋಗುತ್ತದೆ.

ಹೊದಿಕೆ ಹಾಕುವುದು ಕಳೆ ತೆಗೆದು, ಮಣ್ಣು ಚೆನ್ನಾಗಿ ನೆನೆದ ಮೇಲೆ. ಒಣ ಮಣ್ಣಿನ ಮೇಲೆ ಹೊದಿಸಿದರೆ ಸಣ್ಣ ಮಳೆಯ ನೀರನ್ನೆಲ್ಲ ಹುಲ್ಲೇ ಹೀರಿಕೊಳ್ಳುತ್ತದೆ, ಕೆಳಗೆ ಒಣಗಿಯೇ ಇರುತ್ತದೆ. ಡ್ರಿಪ್ ಪೈಪನ್ನು ಹೊದಿಕೆಯ ಕೆಳಗೆ, ಮಣ್ಣಿಗೆ ತಾಗಿಸಿ ಇಡುವುದೂ ಇದೇ ಕಾರಣಕ್ಕೆ. ಹಾಗೆ ಮಾಡಿದಾಗ ಡ್ರಿಪ್ಪರ್ ಕಟ್ಟಿಕೊಂಡರೆ ಕಣ್ಣಿಗೆ ಕಾಣುವುದಿಲ್ಲ. ಆಗಾಗ ಹೊದಿಕೆ ಎತ್ತಿ ನೋಡಲೇಬೇಕು.

ದಪ್ಪ ಮೂರರಿಂದ ನಾಲ್ಕು ಅಂಗುಲ. ಒಣಹುಲ್ಲು ಬೇಗ ಕುಗ್ಗುತ್ತದೆ, ಹಾಗಾಗಿ ಅದನ್ನು ಸ್ವಲ್ಪ ಜಾಸ್ತಿ ಹಾಕಬೇಕು. ಕಾಂಡದ ಸುತ್ತ ಒಂದು ಗೇಣು ಜಾಗ ಬರಿದಾಗಿ ಬಿಡುತ್ತೇನೆ. ಹೊರಗೆ ನೆರಳಿನ ಅಂಚು ದಾಟುವ ತನಕ ಹರಡುತ್ತೇನೆ. ಕಾಂಡಕ್ಕೆ ಒತ್ತಿ ರಾಶಿ ಹಾಕಿದರೆ ಅಲ್ಲಿ ತೇವ ನಿಂತು ಮತ್ತೆ ಅದೇ ಬುಡ ಕೊಳೆ. ಗೆದ್ದಲು, ಇಲಿಗಳಿಗೂ ಅಡಗಲು ಜಾಗವಾಗುತ್ತದೆ.

ಒಣಹುಲ್ಲು, ತರಗೆಲೆ, ಮರದ ಚಕ್ಕೆ ಯಾವುದಾದರೂ ಆಗುತ್ತದೆ. ಹಸಿ ಹುಲ್ಲನ್ನು ದಪ್ಪಗೆ ಹಾಕಿದರೆ ಬಿಸಿಯೇರಿ ಅಂಟಿಕೊಳ್ಳುತ್ತದೆ, ಒಣಗಿಸಿಯೇ ಹಾಕುತ್ತೇನೆ. ಮರದ ಹೊಟ್ಟು ನನಗೆ ಅಷ್ಟು ಇಷ್ಟವಿಲ್ಲ. ಅದು ಗಟ್ಟಿ ಪದರವಾಗಿ ನೀರನ್ನು ಒಳಗೆ ಬಿಡುವುದಿಲ್ಲ. ಪ್ಲಾಸ್ಟಿಕ್ ಹಾಳೆ ಕಳೆಯನ್ನು ಚೆನ್ನಾಗಿ ತಡೆಯುತ್ತದೆ ನಿಜ, ಆದರೆ ಮಳೆಯನ್ನೂ ತಡೆಯುತ್ತದೆ. ಮಣ್ಣಿಗೆ ಏನೂ ಸೇರುವುದಿಲ್ಲ.

ಹೊದಿಕೆಯಿಂದ ನೀರು ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬುಡದ ಸುತ್ತ ಗುದ್ದಲಿ ಆಡಿಸುವುದು ತಪ್ಪಿದ್ದು. ಈ ಗಿಡಗಳ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿಯಲ್ಲೇ ಇರುತ್ತವೆ. ಪ್ರತಿ ಸಲ ಕಳೆ ಕೆತ್ತುವಾಗಲೂ ಅವು ಕತ್ತರಿಸಿ ಹೋಗುತ್ತವೆ. ಹೊದಿಕೆಯ ಕೆಳಗೆ ಮಣ್ಣು ತಂಪಾಗಿದ್ದು ಬಿಳಿ ಬೇರು ಮೇಲಿನ ತನಕ ಬಂದಿರುವುದನ್ನು ಎತ್ತಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಹೊದಿಕೆ ಹಾಕಿದ ಮೇಲೆ ಹಳೆಯ ಲೆಕ್ಕದಲ್ಲೇ ನೀರು ಬಿಡಬಾರದು, ಎರಡು ನೀರಿನ ನಡುವಿನ ಅಂತರ ಹೆಚ್ಚಿಸಬೇಕು.

ಮಳೆಗಾಲ ಶುರುವಾದಾಗ ಕಾಂಡದ ಸುತ್ತಲಿನ ಬರಿ ಜಾಗವನ್ನು ಇನ್ನಷ್ಟು ಅಗಲ ಮಾಡುತ್ತೇನೆ, ನೀರು ನಿಲ್ಲದಂತೆ ಹೊರ ಏರಿಯನ್ನು ಒಂದು ಕಡೆ ಒಡೆಯುತ್ತೇನೆ. ಮಳೆ ಮುಗಿಯುವ ಹೊತ್ತಿಗೆ ಹಳೆಯ ಹೊದಿಕೆ ಅರ್ಧ ಗೊಬ್ಬರವಾಗಿರುತ್ತದೆ. ಅದನ್ನು ಅಗೆದು ಮಣ್ಣಿಗೆ ಬೆರೆಸುವುದಿಲ್ಲ. ಒಡೆದ ಏರಿ ಮುಚ್ಚಿ, ಡ್ರಿಪ್ಪರನ್ನು ಹೊಸ ನೆರಳಿನ ಅಂಚಿಗೆ ಸರಿಸಿ, ಹಳೆಯದರ ಮೇಲೆಯೇ ಹೊಸ ಹುಲ್ಲು ಹರಡುತ್ತೇನೆ.